ಮೊಳೆ ಎಲ್ಲಿ ಹೊಡೆಯಲಿ? ಚೀನೀ ಸುರುಳಿ ಚಿತ್ರದ ನಕಲು, ಒಂಬತ್ತನೇ ವಾರ

ಸೇತುವೆಯ ಕಮಾನು ಕೊನೆಗೂ ನಿಂತಿತು. ಮೂರು ಕಾಗದ ಹಾಳಾದ ಮೇಲೆ. ಹೋದ ಸಲ ಬರೆದಾಗ ಬರೀ ಪೆನ್ಸಿಲ್ ಗೆರೆ ಇತ್ತು. ಈಗ ಸೇತುವೆ, ಅದರ ಎಡಕ್ಕೆ ನಾಲ್ಕು ಮನೆ, ಕೆಳಗೆ ದೋಣಿಯ ಅರ್ಧ ಭಾಗ ಮಸಿಯಲ್ಲಿ ಆಗಿದೆ. ನೋಡಲು ಪರವಾಗಿಲ್ಲ. ಆದರೆ ಇವತ್ತು ಬರೆಯಬೇಕಾಗಿರುವುದು ಮಧ್ಯೆ ಎರಡು ವಾರ ಯಾಕೆ ಏನೂ ಆಗಲಿಲ್ಲ ಅನ್ನುವುದನ್ನು.

ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ನಕಲು ಮಾಡುತ್ತಿರುವುದು ಜಾಂಗ್ ಜೆದುವಾನ್ ಬರೆದ ‘ಚಿಂಗ್‌ಮಿಂಗ್ ಶಾಂಗ್ ಹೆ ತು’. ಚಿಂಗ್‌ಮಿಂಗ್ ಹಬ್ಬದ ಹೊತ್ತಿನ ನದಿ ದಂಡೆಯ ಚಿತ್ರ ಅಂತ ಇಟ್ಟುಕೊಳ್ಳಿ. 12ನೇ ಶತಮಾನದ ಶುರುವಿನದು, ಉತ್ತರ ಸಾಂಗ್ ರಾಜವಂಶದ ಕಾಲದ್ದು. ರೇಷ್ಮೆ ಮೇಲೆ ಬರೆದದ್ದು, ಎತ್ತರ ಬರೀ 24.8 ಸೆಂ.ಮೀ., ಉದ್ದ ಮಾತ್ರ 5 ಮೀಟರಿಗೂ ಜಾಸ್ತಿ. ಮೂಲ ಚಿತ್ರ ಬೀಜಿಂಗ್‌ನ ಅರಮನೆ ಮ್ಯೂಸಿಯಂನಲ್ಲಿದೆ. ಅದರಲ್ಲಿರುವ ಊರು ಬಿಯಾನ್‌ಜಿಂಗ್, ಅಂದರೆ ಈಗಿನ ಕೈಫೆಂಗ್. ಬಲಗಡೆಯಿಂದ ಬಿಚ್ಚುತ್ತಾ ಹೋದರೆ ಮೊದಲು ಹಳ್ಳಿ, ಹೊರೆ ಹೊತ್ತ ಕತ್ತೆಗಳು, ಆಮೇಲೆ ನದಿ, ನಡುವೆ ದೊಡ್ಡ ಸೇತುವೆ, ಆಮೇಲೆ ಊರಬಾಗಿಲು, ಅದರೊಳಗಿಂದ ಬರುವ ಒಂಟೆಗಳು. ನಾನು ಮಾಡುತ್ತಿರುವುದು ಸೇತುವೆಯ ಭಾಗ ಮಾತ್ರ, 90 ಸೆಂ.ಮೀ. ಅಷ್ಟಕ್ಕೇ ಹೀಗೆ.

ಮೊದಲ ತಪ್ಪು ನನ್ನ ಕೈಯದ್ದೇ. ಖಾಲಿ ಕಾಗದ ಕಂಡ ತಕ್ಷಣ ಹಾರಿಜಾನ್ ಲೈನ್, ಅಂದರೆ ಕಣ್ಣಿನ ಮಟ್ಟದ ಅಡ್ಡಗೆರೆ ಎಳೆದು, ಮಧ್ಯದಲ್ಲಿ ಒಂದು ಗುಂಡುಪಿನ್ ಚುಚ್ಚಿ, ಅದಕ್ಕೆ ದಾರ ಕಟ್ಟಿದೆ. ಯಾರೂ ಹೇಳಲಿಲ್ಲ, ಕೈ ತಾನೇ ಮಾಡಿತು. ಚಿಕ್ಕವನಿದ್ದಾಗ ಡ್ರಾಯಿಂಗ್ ಪರೀಕ್ಷೆಗೆ ಕಲಿತದ್ದು ಹಾಗೇ ಅಲ್ವಾ: ರೈಲು ಹಳಿ, ಎರಡೂ ಬದಿ ಕಂಬ, ಎಲ್ಲ ಗೆರೆಯೂ ಹೋಗಿ ಒಂದು ಚುಕ್ಕೆಯಲ್ಲಿ ಸೇರಬೇಕು. ಇದು ಸಣ್ಣವರ ಆಟವೇನಲ್ಲ. ಮಿಲಾನ್‌ನಲ್ಲಿರುವ ಲಿಯೊನಾರ್ಡೊನ ‘ಕೊನೆಯ ಭೋಜನ’ದಲ್ಲಿ ಯೇಸುವಿನ ಹಣೆಯ ಪಕ್ಕದಲ್ಲಿ ಒಂದು ಸಣ್ಣ ತೂತು ಇದೆ. ಅಲ್ಲಿ ಮೊಳೆ ಹೊಡೆದು, ದಾರ ಎಳೆದು, ಛಾವಣಿ, ಗೋಡೆಯ ಗೆರೆಗಳನ್ನೆಲ್ಲ ಅಲ್ಲಿಂದ ಹೊರಡಿಸಿದ್ದಾನೆ. ಹಾಗಾಗಿ ನೋಡುವವರ ಕಣ್ಣು ಎಲ್ಲಿ ಅಲೆದರೂ ಕೊನೆಗೆ ಆ ಮುಖಕ್ಕೇ ಬಂದು ನಿಲ್ಲುತ್ತದೆ.

ನಾನೂ ಮೊಳೆ ಹೊಡೆದೆ, ಅಂದರೆ ಪಿನ್ನು. ಮನೆಗಳ ಸೂರುಗಳೆಲ್ಲ ಪಿನ್ನಿನ ಕಡೆ ತಿರುಗಿದವು. ಮೂಲಕ್ಕೆ ಹೋಲಿಸಿದರೆ ಒಂದೂ ತಾಳೆಯಾಗುವುದಿಲ್ಲ. ಚಿತ್ರಕಾರ ಅಂದಾಜಿನಲ್ಲಿ ಬರೆದಿರಬೇಕು, ನಾನು ಸರಿ ಮಾಡುತ್ತಿದ್ದೇನೆ ಅಂತ ಒಂದು ವಾರ ಸುಮ್ನೆ ಜಂಭದಲ್ಲಿದ್ದೆ.

ಆ ಜಂಭ ಇಳಿಸಿದ್ದು ಅಂಗಡಿಯ ಬಿಲ್ ರೋಲ್. ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ವಸ್ತು ಇಲ್ಲ, ಮೂರಿಂಚು ಅಗಲ, ಬೇಕಾದಷ್ಟು ಉದ್ದ, ಆಗಲೇ ಸುತ್ತಿ ಕೊಟ್ಟಿರುತ್ತಾರೆ. ಅದರ ಮೇಲೆ ಒಂದೂವರೆ ಮೀಟರ್ ಉದ್ದಕ್ಕೆ ಒಂದು ಬೀದಿ ಬರೆದೆ. ಒಂದೇ ವ್ಯಾನಿಶಿಂಗ್ ಪಾಯಿಂಟ್, ಅಂದರೆ ಗೆರೆಗಳೆಲ್ಲ ಹೋಗಿ ಸೇರುವ ಚುಕ್ಕೆ, ನಟ್ಟ ನಡುವೆ. ಮೇಜಿನ ಮೇಲೆ ಪೂರ್ತಿ ಹಾಸಿ ನೋಡಿದಾಗ ಚೆನ್ನಾಗಿಯೇ ಇತ್ತು. ಅಕ್ಕನ ಮಗಳು ಬಂದಿದ್ದಳು. ಅವಳ ಕೈಗೆ ಕೊಟ್ಟು, “ಪುಟ್ಟಿ, ಬಲಗಡೆ ಸುತ್ತುತ್ತಾ ಎಡಗಡೆ ಬಿಚ್ಚುತ್ತಾ ಬಾ, ಒಂದು ಸಲಕ್ಕೆ ಒಂದೂವರೆ ಅಡಿ ಸಾಕು” ಅಂದೆ. ಸುರುಳಿಯನ್ನು ನೋಡುವ ಕ್ರಮವೇ ಅದು. ಎರಡು ಕೈ ನಡುವೆ ಹಿಡಿಸುವಷ್ಟು ಬಿಚ್ಚಬೇಕು, ನೋಡಬೇಕು, ಮುಂದೆ ಹೋಗಬೇಕು. ಶುರುವಿನಲ್ಲಿ ಗೆರೆಗಳೆಲ್ಲ ಎಡಕ್ಕೆ ಎಳೆಯುತ್ತಿದ್ದವು, ಅವಳೂ ಬೇಗ ಬೇಗ ಬಿಚ್ಚಿದಳು. ನಡುವಿನ ಚುಕ್ಕೆ ದಾಟಿದ ಮೇಲೆ ನಿಂತಳು.

“ಮಾಮ, ಈ ಮನೆಗಳೆಲ್ಲ ಯಾಕೆ ವಾಪಸ್ ನೋಡ್ತಿವೆ?”

ನೋಡಿದರೆ ಹೌದು. ಚುಕ್ಕೆ ಆಗಲೇ ಸುತ್ತಿಕೊಂಡು ಅವಳ ಬಲಗೈಯೊಳಗೆ ಹೋಗಿದೆ, ಮನೆಗಳು ಮಾತ್ರ ಇನ್ನೂ ಆ ಕಡೆಗೇ ವಾಲಿವೆ. ಕೊನೆಯ ಮನೆಯಂತೂ ಚೂಯಿಂಗ್ ಗಮ್ ಎಳೆದ ಹಾಗೆ ಉದ್ದವಾಗಿತ್ತು. ವ್ಯಾನಿಶಿಂಗ್ ಪಾಯಿಂಟ್ ಅಂದರೆ ನೋಡುವವನು ಒಂದೇ ಕಡೆ, ಒಂದೇ ಕಣ್ಣಲ್ಲಿ, ಅಲ್ಲಾಡದೆ ನಿಂತಿರಬೇಕು ಅನ್ನುವ ಷರತ್ತು. 15ನೇ ಶತಮಾನದ ಶುರುವಿನಲ್ಲಿ ಬ್ರುನೆಲೆಸ್ಕಿ ಅನ್ನುವ ವಾಸ್ತುಶಿಲ್ಪಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಮೊದಲ ಸಲ ಇದನ್ನು ತೋರಿಸಿದಾಗ ಹಲಗೆಗೆ ತೂತು ಕೊರೆದು, ಹಿಂದಿನಿಂದ ಒಂದು ಕಣ್ಣಿಟ್ಟು, ಎದುರಿನ ಕನ್ನಡಿಯಲ್ಲಿ ಚಿತ್ರ ನೋಡಿ ಅಂದಿದ್ದನಂತೆ. 1435ರಲ್ಲಿ ಆಲ್ಬರ್ಟಿ ಅನ್ನುವ ಇಟಲಿಯ ವಿದ್ವಾಂಸ, ಚಿತ್ರ ಅಂದರೆ ತೆರೆದ ಕಿಟಕಿ ಇದ್ದ ಹಾಗೆ ಅಂತ ಬರೆದ. ಕಿಟಕಿಯ ಮುಂದೆ ನಿಲ್ಲುತ್ತೇವೆ. ಸುರುಳಿಯಲ್ಲಿ ನಾವು ನಡೆಯುತ್ತಿರುತ್ತೇವೆ, ಅಲ್ಲಿ ಮೊಳೆ ಹೊಡೆದರೆ ಕಾಲಿಗೆ ಹೊಡೆದುಕೊಂಡ ಹಾಗೆ.

ಹಾಗಂತ ಯುರೋಪಿನ ಕಡೆಯದ್ದನ್ನು ಬೈಯಲು ಹೊರಟಿಲ್ಲ. ಮಸಾಚ್ಚೊ ಅನ್ನುವ ಚಿತ್ರಕಾರ 1427ರ ಸುಮಾರಿಗೆ ಫ್ಲಾರೆನ್ಸ್‌ನ ಚರ್ಚ್ ಗೋಡೆ ಮೇಲೆ ಬರೆದ ‘ಟ್ರಿನಿಟಿ’ ಇದೆಯಲ್ಲ, ಗೋಡೆ ಒಡೆದು ಒಳಗೊಂದು ಕೋಣೆ ಕಟ್ಟಿದ ಹಾಗೆ ಕಾಣುತ್ತದೆ. ಅದು ಗೋಡೆಗೆ ಸರಿ. ಗೋಡೆಯನ್ನು ಯಾರೂ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋಗುವುದಿಲ್ಲವಲ್ಲ.

ನನಗೆ ಸಿಟ್ಟು ಬರುವುದು ‘ಪಾಪ, ಚೀನಾದವರಿಗೆ ಪರ್ಸ್ಪೆಕ್ಟಿವ್ (ಒಂದೇ ಕಡೆಯಿಂದ ಕಾಣುವ ಹಾಗೆ ದೂರ ತೋರಿಸುವುದು) ಗೊತ್ತಿರಲಿಲ್ಲ’ ಅನ್ನುವ ಮಾತಿಗೆ. ನಾನೂ ಹಾಗೇ ಅಂದುಕೊಂಡಿದ್ದೆ ಅನ್ನುವುದು ಬೇರೆ. 11ನೇ ಶತಮಾನದ ಶೆನ್ ಕುವೊ ಅನ್ನುವ ವಿದ್ವಾಂಸ ಇದರ ಬಗ್ಗೆ ಜಗಳವೇ ತೆಗೆದಿದ್ದಾನೆ. ಲಿ ಚೆಂಗ್ ಅನ್ನುವ ಹೆಸರಾಂತ ಚಿತ್ರಕಾರ ಬೆಟ್ಟದ ಮೇಲಿನ ಮಂಟಪಗಳನ್ನು ಕೆಳಗೆ ನಿಂತವನಿಗೆ ಕಾಣುವ ಹಾಗೆ, ಸೂರಿನ ಅಡಿಭಾಗ ಕಾಣುವಂತೆ ಬರೆಯುತ್ತಿದ್ದ. ಶೆನ್ ಕುವೊಗೆ ಇದು ಹಿಡಿಸಲಿಲ್ಲ. ಕೆಳಗೆ ನಿಂತು ನೋಡಿದ್ದನ್ನೇ ಬರೆಯುವುದಾದರೆ ಮುಂದಿನ ಒಂದು ಬೆಟ್ಟ ಮಾತ್ರ ಕಾಣಬೇಕು, ಹಿಂದಿನ ಸಾಲು ಹೇಗೆ ಕಂಡೀತು, ಕಣಿವೆಯೊಳಗೆ ಏನಿದೆ, ಮನೆಯ ಹಿತ್ತಲಲ್ಲಿ ಏನಿದೆ ಅಂತ ಹೇಗೆ ಗೊತ್ತಾದೀತು ಅನ್ನುವುದು ಅವನ ವಾದ. ತೋಟದಲ್ಲಿ ಇಟ್ಟ ಪುಟ್ಟ ಕಲ್ಲುಬೆಟ್ಟವನ್ನು ನೋಡುವ ಹಾಗೆ ನಿಜವಾದ ಬೆಟ್ಟವನ್ನು ನೋಡಬೇಕು ಅಂತಾನೆ. ಅಂದರೆ ಒಂದೇ ಕಡೆಯಿಂದ ನೋಡುವುದು ಹೇಗಿರುತ್ತದೆ ಅಂತ ಗೊತ್ತಿದ್ದೇ ಬೇಡ ಅಂದವರು. ಬ್ರುನೆಲೆಸ್ಕಿಗಿಂತ 300 ವರ್ಷಕ್ಕೂ ಹಿಂದೆ!

ಸರಿ, ಪಿನ್ ಕಿತ್ತೆ. ಅಟ್ಟದಿಂದ ನನ್ನ ಹಳೆಯ ಮಿನಿ ಡ್ರಾಫ್ಟರ್ ಇಳಿಸಿದೆ. ಇಂಜಿನಿಯರಿಂಗ್ ಮೊದಲ ವರ್ಷ ಮುಗಿದ ಮೇಲೆ ಅದನ್ನು ಮುಟ್ಟಿರಲಿಲ್ಲ, ಒಂದು ಸ್ಕ್ರೂಗೆ ತುಕ್ಕು ಹಿಡಿದಿತ್ತು. ಕೋನ ಒಂದು ಸಲ ಕಟ್ಟಿಬಿಟ್ಟರೆ ಬೋರ್ಡಿನ ಉದ್ದಕ್ಕೂ ಎಷ್ಟು ಬೇಕಾದರೂ ಸಮಾನಾಂತರ ಗೆರೆ. ಐಸೋಮೆಟ್ರಿಕ್ ಶೀಟ್ ಹಾಕಿದವರಿಗೆ ಗೊತ್ತು. ಹಿಂದಕ್ಕೆ ಹೋಗುವ ಗೆರೆಗಳು ಎಲ್ಲೂ ಸೇರುವುದಿಲ್ಲ, ಹಾಗಾಗಿ ಸುರುಳಿಯನ್ನು ಎಲ್ಲಿ ಬಿಚ್ಚಿದರೂ ಮನೆ ನೆಟ್ಟಗೆ ನಿಂತಿರುತ್ತದೆ. ಚೀನಾದಲ್ಲೂ ಕಟ್ಟಡ, ದೋಣಿ ಬರೆಯಲು ಸ್ಕೇಲ್ ಇಟ್ಟು ಗೆರೆ ಎಳೆಯುವ ‘ಜಿಯೆಹುವಾ’ ಅನ್ನುವ ಪದ್ಧತಿಯೇ ಇತ್ತು. ಆದರೆ ಇಲ್ಲಿ ಎಲ್ಲ ಕಟ್ಟಡಕ್ಕೂ ಒಂದೇ ಕೋನ ಇಲ್ಲ, ನದಿ ತಿರುಗಿದ ಕಡೆ ಮನೆಗಳೂ ತಿರುಗುತ್ತವೆ. ಹಾಗಾಗಿ ಮೂರು ಸಲ ಡ್ರಾಫ್ಟರ್ ಬಿಚ್ಚಿ ಮತ್ತೆ ಕಟ್ಟಿದೆ.

ಈಗ ಸೇತುವೆ. ಮರದ್ದು, ನೀರಿನೊಳಗೆ ಒಂದೂ ಕಂಬ ಇಲ್ಲ, ತೊಲೆಗಳನ್ನು ಒಂದಕ್ಕೊಂದು ಹೆಣೆದು ನಿಲ್ಲಿಸಿದ್ದಾರೆ. ಮೇಲಿನ ಜನಜಂಗುಳಿ, ಎರಡೂ ಬದಿಯ ಅಂಗಡಿಗಳು ಮೇಲಿನಿಂದ ನೋಡಿದ ಹಾಗೆ ಕಾಣುತ್ತವೆ. ಅದೇ ಹೊತ್ತಿಗೆ ಕಮಾನಿನ ಒಳಮೈಯ ತೊಲೆಗಳೂ ಕಾಣುತ್ತವೆ. ಪಿನ್ ಚುಚ್ಚಿದ್ದ ಕಾಗದದಲ್ಲಿ ನನಗೆ ಎರಡರಲ್ಲಿ ಒಂದು ಮಾತ್ರ ಸಿಗುತ್ತಿತ್ತು. ಎರಡೂ ಬೇಕು, ಯಾಕೆಂದರೆ ಅಲ್ಲಿ ನಡೆಯುತ್ತಿರುವುದೇ ಹಾಗಿದೆ: ದೋಣಿಯೊಂದು ಸೇತುವೆ ಹತ್ತಿರ ಬಂದುಬಿಟ್ಟಿದೆ, ಪಟದ ಕಂಬವನ್ನು ಅವಸರದಲ್ಲಿ ಇಳಿಸುತ್ತಿದ್ದಾರೆ, ಒಬ್ಬ ಉದ್ದ ಕೋಲು ಎತ್ತಿ ಸೇತುವೆಗೆ ಆನಿಸಿದ್ದಾನೆ, ಮೇಲಿನವರು ಕಟಾಂಜನದ ಮೇಲೆ ಬಗ್ಗಿ ಕೂಗುತ್ತಿದ್ದಾರೆ. ಇಷ್ಟರ ನಡುವೆ ಸೇತುವೆ ಮೇಲೆ ಪಲ್ಲಕ್ಕಿಯೊಂದು, ಕುದುರೆ ಸವಾರನೊಬ್ಬ ಎದುರುಬದುರು ಸಿಕ್ಕಿಹಾಕಿಕೊಂಡಿದ್ದಾರೆ. ಟ್ರಾಫಿಕ್ ಜಾಮ್‌ಗೆ 900 ವರ್ಷ.

ದೂರ ತೋರಿಸಲು ಗೆರೆ ಸೇರಿಸಲೇಬೇಕು ಅಂತೇನೂ ಇಲ್ಲ ಅನ್ನುವುದು ಈ ವಾರ ಕಲಿತದ್ದು. ಗುವೊ ಶಿ ಅನ್ನುವ 11ನೇ ಶತಮಾನದ ಚೀನೀ ಚಿತ್ರಕಾರ ದೂರದಲ್ಲೇ ಮೂರು ಬಗೆ ಹೇಳಿದ್ದಾನೆ. ಬುಡದಲ್ಲಿ ನಿಂತು ತುದಿ ನೋಡುವ ಎತ್ತರದ ದೂರ, ಬೆಟ್ಟದ ಮುಂದಿನಿಂದ ಹಿಂದಕ್ಕೆ ಇಣುಕುವ ಆಳದ ದೂರ, ಹತ್ತಿರದ ಬೆಟ್ಟದಿಂದ ಆಚೆಯ ಬೆಟ್ಟಕ್ಕೆ ಕಣ್ಣು ಹಾಯಿಸುವ ಸಮತಟ್ಟಿನ ದೂರ. ಅವನದೇ 1072ರ ‘ವಸಂತದ ಶುರು’ ಅನ್ನುವ ಚಿತ್ರದಲ್ಲಿ ಮೂರೂ ಒಟ್ಟಿಗೆ ಇವೆ. ಅದು ತೈಪೆಯಲ್ಲಿದೆ, ಸುರುಳಿಯೇ ಆದರೂ ಗೋಡೆಗೆ ನೇತುಹಾಕುವಂಥದ್ದು. ಇನ್ನೊಂದು ಹಳೆಯ ಮಾತು, ಹಳೆಯ ಕವಿ, ಚಿತ್ರಕಾರ ವಾಂಗ್ ವೇಯ್ ಹೆಸರಿನಲ್ಲಿ ಬಂದಿರುವುದು: ದೂರದ ಮನುಷ್ಯನಿಗೆ ಕಣ್ಣಿಲ್ಲ, ದೂರದ ಮರಕ್ಕೆ ಕೊಂಬೆಯಿಲ್ಲ. ಇದನ್ನು ಓದುವ ಮೊದಲೇ ಆಚೆ ದಡದ ಒಬ್ಬನಿಗೆ ಎರಡು ಚುಕ್ಕೆ ಕಣ್ಣು ಇಟ್ಟುಬಿಟ್ಟಿದ್ದೆ. ಕಾಳಿನಷ್ಟಿದ್ದ ಮನುಷ್ಯ ನದಿ ದಾಟಿ ಈಚೆಗೆ ಬಂದು ನಿಂತ. ಈಗ ಅವನ ತಲೆಗೆ ಒಂದು ಟೋಪಿ ಇಳಿಸಿ ಮುಚ್ಚಿದ್ದೇನೆ.

ಹಾಳಾದ ಮೂರು ಕಾಗದದ ಲೆಕ್ಕ: ಒಂದು ಪಿನ್ನಿನದು. ಇನ್ನೆರಡು, ನಾನು ತಪ್ಪು ಆರ್ಡರ್ ಮಾಡಿದ ಹಸಿ ಶುವಾನ್ ಕಾಗದ, ಅಂದರೆ ಅಂಟು ಬಳಿಯದ ಚೀನೀ ಕಾಗದ. ಅದರ ಮೇಲೆ ಕುಂಚ ಒಂದು ಕ್ಷಣ ನಿಂತರೂ ಸಾಕು, ಮಸಿ ದೋಸೆ ಹಿಟ್ಟಿನ ಹಾಗೆ ಹರಡುತ್ತದೆ. ಬೆಟ್ಟ, ಮಂಜಿಗೆ ಚೆನ್ನ, ತೊಲೆಗೆ ಆಗಲ್ಲ. ಸಣ್ಣ ಗೆರೆಗೆ ಆಲಂ, ಅಂಟು ಬಳಿದು ಹದ ಮಾಡಿದ ಕಾಗದವೇ ಬೇಕು.

ದೋಣಿಯ ಪಟದ ಕಂಬ ಇನ್ನೂ ಬಾಕಿ. ಅರ್ಧ ಇಳಿದಿರುವ ಕಂಬ ಅದು, ಅದಕ್ಕೆ ಡ್ರಾಫ್ಟರ್ ಕೋನ ಹೊಂದುವುದಿಲ್ಲ, ಬರಿಗೈಯಲ್ಲೇ ಎಳೆಯಬೇಕು. ಬಿಲ್ ರೋಲ್ ಮೇಲೆ ಇಪ್ಪತ್ತು ಸಲ ಎಳೆದಿದ್ದೇನೆ, ಎರಡು ಸರಿ ಬಂದಿವೆ. ಶನಿವಾರ ಬೆಳಿಗ್ಗೆ, ಕಾಫಿಗೆ ಮೊದಲು.