ಪುಟ್ಟನ ಆಫರ್

14 ಅಕ್ಟೋಬರ್ 2025, ಮಂಗಳವಾರ

ರಾತ್ರಿ ಒಂಬತ್ತೂವರೆಗೆ ಚಿಕ್ಕಪ್ಪನ ಮಗ ಪುಟ್ಟನ ಫೋನು. ಇಂಗ್ಲೆಂಡಿನ ರೆಡಿಂಗಿನ ಆ ಮೂರು ಬೆಡ್‌ರೂಮಿನ ಮನೆಯನ್ನು ಅವನೂ ಹೆಂಡತಿಯೂ ಇವತ್ತು ಎರಡನೇ ಸಲ ನೋಡಿ ಬಂದರಂತೆ. ಕೇಳುತ್ತಿರುವ ಬೆಲೆ 4,95,000 ಪೌಂಡ್.

"ಅಕ್ಕ, ಏಜೆಂಟ್ ಒಳ್ಳೇ ಮನುಷ್ಯ. ನಿಮ್ಮ ಪರ ನಾನು ಮಾತಾಡ್ತೀನಿ ಅಂದ. ನಾನೂರ ಎಂಬತ್ತೈದು ಸಾವಿರಕ್ಕೆ ಆಫರ್ ಹಾಕೋಣ ಅಂತಿದೀವಿ. ಕೊನೆಗೆ ಎಲ್ಲೀವರೆಗೆ ಹೋಗ್ತೀರ ಅಂತ ಕೇಳ್ದ, ಐನೂರ ಹತ್ತು ಅಂದೆ."

ಅಂದೇಬಿಟ್ಟಿದ್ದಾನೆ.

ಏಜೆಂಟ್ ಒಳ್ಳೆಯವನೇ ಇರಬಹುದು, ಬೇಡ ಅನ್ನಲ್ಲ. ಆದರೆ ಅವನಿಗೆ ದುಡ್ಡು ಕೊಡುವವರು ಮಾರುವವರು. ನಮ್ಮೂರಿನ ಬ್ರೋಕರ್ ಥರ ಎರಡೂ ಕಡೆ ಕಮಿಷನ್ ತೆಗೆದುಕೊಂಡು ನಡುವೆ ನಿಲ್ಲುವವನಲ್ಲ. ಕೊಳ್ಳುವವರು ಬಾಯಿಬಿಟ್ಟದ್ದು ಮಾರುವವರ ಕಿವಿಗೆ ಮುಟ್ಟಿತು ಅಂತಲೇ ಲೆಕ್ಕ. ಇನ್ನು 485 ಸಾವಿರಕ್ಕೆ ಅವರು ಯಾಕೆ ಒಪ್ಪುತ್ತಾರೆ?

ಹೋಗಲಿ. ಏಜೆಂಟನ ಲೆಕ್ಕಾಚಾರದಲ್ಲಿ ನಮಗೆ ಅನುಕೂಲವಾಗುವುದೂ ಒಂದಿದೆ. ಅವನ ಕಮಿಷನ್ ಶೇಕಡಾ ಒಂದು ಅಂದುಕೊಂಡರೆ, ಬೆಲೆ ಹತ್ತು ಸಾವಿರ ಏರಿದಾಗ ಅವನ ಆಫೀಸಿಗೆ ಹೆಚ್ಚಿಗೆ ಬರುವುದು ಬರೀ 100 ಪೌಂಡ್. ವ್ಯವಹಾರ ಅರ್ಧದಲ್ಲಿ ಮುರಿದರೆ ಮಾತ್ರ 4,850 ಪೂರ್ತಿ ಹೋಯಿತು. ಹಾಗಾಗಿ ಅವನು ನಿಜವಾಗಿ ಹುಡುಕುವುದು ಮುರಿಯದ ಆಫರನ್ನು. ಮಾರುವವರ ಮುಂದೆ ಅವನು "ಇವರನ್ನು ನಂಬಬಹುದು" ಅನ್ನುವ ಹಾಗೆ ಕಾಗದಪತ್ರ ಕೈಗಿಟ್ಟರೆ, ಐದು ಸಾವಿರ ಕಡಿಮೆ ಇದ್ದರೂ ನಿಮ್ಮದೇ ಮೇಲಾಗಬಹುದು.

ಪುಟ್ಟ ಫೋನಲ್ಲೇ ಆಫರ್ ಹೇಳಿ ಮುಗಿಸುವವನಿದ್ದ. ಹೇಳಲಿ, ಅಡ್ಡಿಯಿಲ್ಲ, ಆದರೆ ಅವತ್ತೇ ಇಮೇಲ್ ಹೋಗಬೇಕು. 1979ರ ಎಸ್ಟೇಟ್ ಏಜೆಂಟ್ಸ್ ಕಾಯ್ದೆ, ಅದರ ಕೆಳಗೆ 1991ರಲ್ಲಿ ಬಂದ ಆದೇಶದ ಪ್ರಕಾರ, ಬಂದ ಆಫರನ್ನೆಲ್ಲ ಏಜೆಂಟ್ ತಡಮಾಡದೆ ಮಾರುವವರಿಗೆ ಬರವಣಿಗೆಯಲ್ಲಿ ತಿಳಿಸಲೇಬೇಕು. ಇಂಥ ಆಫರ್ ತಿಳಿಸಬೇಡಿ ಅಂತ ಮಾರುವವರೇ ಮೊದಲೇ ಬರೆದುಕೊಟ್ಟಿದ್ದರೆ ಮಾತ್ರ ಬಿಡಬಹುದು. "ಇಷ್ಟು ಕಡಿಮೆಗೆ ನಾನು ಅವರ ಹತ್ರ ಹೋಗೋದೇ ಇಲ್ಲ" ಅನ್ನುವ ಹಕ್ಕು ಅವನಿಗಿಲ್ಲ. ಇಲ್ಲದ ಆಫರನ್ನು ಇದೆ ಅನ್ನುವ ಹಾಗೂ ಇಲ್ಲ. ಇದ್ದರೆ ಎಷ್ಟಕ್ಕಿದೆ ಅಂತ ನಮಗೆ ಹೇಳಬೇಕೆಂದೇನೂ ಇಲ್ಲ.

ಇಮೇಲಿನಲ್ಲಿ ಏನು ಬರೆಯಬೇಕು ಅಂದ. ಮನೆಯ ವಿಳಾಸ, ಮೊತ್ತ, ಇಬ್ಬರ ಪೂರ್ತಿ ಹೆಸರು. ಮೊತ್ತದ ಪಕ್ಕದಲ್ಲೇ "ಸಬ್ಜೆಕ್ಟ್ ಟು ಕಾಂಟ್ರಾಕ್ಟ್ ಅಂಡ್ ಸರ್ವೇ", ಈ ಪದಗಳನ್ನು ಇದ್ದ ಹಾಗೇ; ಕರಾರು, ಮನೆಯ ತಪಾಸಣೆ ಮುಗಿಯುವವರೆಗೆ ಆಫರ್ ಪಕ್ಕಾ ಅಲ್ಲ ಅಂತ ಅರ್ಥ. ಮಾರಬೇಕಾದ ಮನೆ ತಮಗಿಲ್ಲ, ಹಿಂದೆ ಚೈನ್ (ಒಂದು ಮನೆ ಮಾರಿದರೆ ಮಾತ್ರ ಇನ್ನೊಂದು ಕೊಳ್ಳುವ ಸರಪಳಿ) ಇಲ್ಲ ಅನ್ನುವುದು ಎರಡನೇ ಸಾಲಿನಲ್ಲೇ ಬರಲಿ. ಅವನ ಕೈಯಲ್ಲಿರುವ ತುರುಪು ಅದೇ. ಸಾಲಿಸಿಟರ್ (ಮನೆ ಕೊಳ್ಳುವ ಕಾಗದಪತ್ರ ನೋಡುವ ವಕೀಲರು) ಯಾರು, ಡೆಪಾಸಿಟ್ ಎಷ್ಟು, ಯಾವ ತಿಂಗಳೊಳಗೆ ಮುಗಿಸಬಲ್ಲೆವು. ಒಲೆ, ಪರದೆ, ತೋಟದ ಶೆಡ್ಡು ಸೇರಿದೆಯೋ ಇಲ್ಲವೋ ಅನ್ನುವುದೂ ಇರಲಿ, ಆಮೇಲೆ ಇಂಥ ಸಣ್ಣದಕ್ಕೇ ಮುಖ ಕೆಡುತ್ತದೆ. ಕೊನೆಯಲ್ಲಿ ಷರತ್ತು: ಒಪ್ಪಿದ ದಿನವೇ ಮನೆಯನ್ನು ಮಾರ್ಕೆಟ್ಟಿನಿಂದ ತೆಗೆಯಬೇಕು, ಬೇರೆಯವರಿಗೆ ತೋರಿಸುವುದು ನಿಲ್ಲಬೇಕು.

ಜೊತೆಗೆ ಬ್ಯಾಂಕಿನ ಅಗ್ರಿಮೆಂಟ್ ಇನ್ ಪ್ರಿನ್ಸಿಪಲ್, ಅಂದರೆ ಇಷ್ಟು ಸಾಲ ಕೊಡಬಹುದು ಅನ್ನುವ ಪತ್ರ. ಇಲ್ಲೇ ಬಹಳ ಜನ ಎಡವುವುದು. ಬ್ಯಾಂಕ್ ಎಷ್ಟು ಕೊಡಬಲ್ಲದೋ ಅಷ್ಟಕ್ಕೂ ಪತ್ರ ತೆಗೆದು ಕಳಿಸುತ್ತಾರೆ. 485ಕ್ಕೆ ಆಫರ್, ಪತ್ರದಲ್ಲಿ ನೋಡಿದರೆ ಅದಕ್ಕಿಂತ ಅರವತ್ತು ಸಾವಿರ ಹೆಚ್ಚಿನ ತಾಕತ್ತು! ಎಷ್ಟಕ್ಕೆ ಆಫರೋ ಅಷ್ಟಕ್ಕೆ ಸರಿಯಾಗಿ ಹೊಸ ಪತ್ರ ಮಾಡಿಸಿಕೋ ಅಂದೆ. ಏಜೆಂಟನ ಆಫೀಸಿನಲ್ಲೇ ಕೂತಿರುವ ಮಾರ್ಟ್‌ಗೇಜ್ ಸಲಹೆಗಾರನ ಹತ್ತಿರ ಹೋಗಲೇಬೇಕಾ ಅಂತಲೂ ಕೇಳಿದ. ಬೇಕಿಲ್ಲ. ಅವರ ಸೇವೆ ಬೇಡ ಅಂದವರ ಆಫರನ್ನು ಹಿಂದೆ ತಳ್ಳುವುದನ್ನು ಅದೇ 1991ರ ಆದೇಶ ತಡೆಯುತ್ತದೆ.

ಡೆಪಾಸಿಟ್‌ನಲ್ಲಿ ಒಂದಿಷ್ಟು ಊರಿನಿಂದ ಅವನ ಅಮ್ಮ, ನನ್ನ ಚಿಕ್ಕಮ್ಮ, ಕಳಿಸಿದ್ದು. ಅದರ ಜಾಡು ಈಗಲೇ ಜೋಡಿಸಿಟ್ಟುಕೊಳ್ಳಬೇಕು: ಅಲ್ಲಿನ ಖಾತೆಯಿಂದ ಹೊರಟ ಸ್ಟೇಟ್‌ಮೆಂಟು, ಇಲ್ಲಿ ಬಂದು ಬಿದ್ದ ಸ್ಟೇಟ್‌ಮೆಂಟು, "ಇದು ಉಡುಗೊರೆ, ವಾಪಸ್ ಕೇಳುವುದಿಲ್ಲ, ಮನೆಯಲ್ಲಿ ನನಗೆ ಪಾಲಿಲ್ಲ" ಅಂತ ಚಿಕ್ಕಮ್ಮನ ಸಹಿ ಇರುವ ಕಾಗದ. ಮನಿ ಲಾಂಡರಿಂಗ್ ತಪಾಸಣೆ ಏಜೆಂಟೂ ಮಾಡುತ್ತಾನೆ, ಸಾಲಿಸಿಟರೂ ಮಾಡುತ್ತಾರೆ. ಕಾಗದ ಇಲ್ಲದಿದ್ದರೆ ಎಲ್ಲ ಅಲ್ಲಿಗೇ ನಿಲ್ಲುತ್ತದೆ.

"ಒಪ್ಪಿದ ಮೇಲೆ ಮನೆ ನಮ್ಮದೇ ಅಲ್ವಾ?"

ಅಲ್ಲ ಮಾರಾಯ. ಇಂಗ್ಲೆಂಡಿನಲ್ಲಿ ಒಪ್ಪಿದ ಆಫರಿಗೆ ಕಾನೂನಿನ ಬಲವಿಲ್ಲ. ಸಹಿ ಬಿದ್ದ ಕರಾರುಗಳು ಎರಡೂ ಕಡೆ ಅದಲುಬದಲಾಗುವ ಎಕ್ಸ್‌ಚೇಂಜ್ ದಿನದವರೆಗೆ ಯಾರು ಬೇಕಾದರೂ, ಕಾರಣ ಹೇಳದೆ, ಎದ್ದು ಹೋಗಬಹುದು. ಸಾಮಾನ್ಯವಾಗಿ ಶೇಕಡಾ 10 ಡೆಪಾಸಿಟ್ ಕಟ್ಟುವುದೂ ಆ ದಿನವೇ. ಅಲ್ಲಿಯವರೆಗೆ ಇನ್ನೊಬ್ಬರು ಹೆಚ್ಚಿಗೆ ಕೊಡುತ್ತೇನೆಂದರೆ ಮಾರುವವರು ಅವರ ಕಡೆ ತಿರುಗಬಹುದು. ಗಝಂಪಿಂಗ್ ಅಂತ ಅದಕ್ಕೊಂದು ಹೆಸರೇ ಇದೆ. ಟೋಕನ್ ಕೊಟ್ಟು ನಿದ್ದೆ ಮಾಡುವ ನಮ್ಮ ಅಭ್ಯಾಸ ಇಲ್ಲಿ ನಡೆಯದು. ಸ್ಕಾಟ್ಲೆಂಡಿನದ್ದು ಬೇರೆಯೇ ಕ್ರಮ, ಅಲ್ಲಿ ಆಫರ್ ಹಾಕುವುದೇ ಸಾಲಿಸಿಟರ್ ಮೂಲಕ.

ಇನ್ನು ಬ್ಯಾಂಕಿನ ವ್ಯಾಲ್ಯುವೇಶನ್. 485ಕ್ಕೆ ಒಪ್ಪಿದ ಮನೆಗೆ ಬ್ಯಾಂಕು 470 ಅಂತ ಬೆಲೆ ಕಟ್ಟಿತು ಅನ್ನಿ. ಶೇಕಡಾ 90 ಸಾಲ ಅಂದರೆ 4,36,500 ಸಿಗಬೇಕಿದ್ದುದು 4,23,000ಕ್ಕೆ ಇಳಿಯುತ್ತದೆ. 13,500 ಕೈಯಿಂದ ತುಂಬಬೇಕು, ಇಲ್ಲವೇ ಆ ವರದಿ ಹಿಡಿದು ಬೆಲೆ ಇಳಿಸಿ ಅಂತ ಕೇಳಬೇಕು. ಹಾಗೆ ಕೇಳುವುದರಲ್ಲಿ ನಾಚಿಕೆಯಿಲ್ಲ. ಎಕ್ಸ್‌ಚೇಂಜಿನ ಹಿಂದಿನ ದಿನ ಸುಮ್ಮನೆ ಹೆದರಿಸಿ ಇಳಿಸುತ್ತಾರಲ್ಲ, ಅದು ನೀಚತನ.

ಅಷ್ಟೆಲ್ಲ ಹೇಳಿ 510ರ ಹುಚ್ಚು ಬಿಡಿಸಲು ಲೆಕ್ಕ ಹಾಕಿ ತೋರಿಸಿದೆ. ಮೊದಲ ಮನೆ ಕೊಳ್ಳುವವರ ಸ್ಟ್ಯಾಂಪ್ ಡ್ಯೂಟಿ ರಿಯಾಯಿತಿ ಈ ಏಪ್ರಿಲ್‌ನಿಂದ ಐದು ಲಕ್ಷ ಪೌಂಡಿಗೆ ನಿಲ್ಲುತ್ತದೆ. ಸರಿಯಾಗಿ 5,00,000ಕ್ಕೆ ಕೊಂಡರೆ ತೆರಿಗೆ 10,000. 5,01,000ಕ್ಕೆ ಕೊಂಡರೆ ರಿಯಾಯಿತಿ ಪೂರ್ತಿ ಮಾಯ, 15,050. ಒಂದು ಸಾವಿರ ಜಾಸ್ತಿ ಬರೆದದ್ದಕ್ಕೆ ತೆರಿಗೆಯೇ ಐದು ಸಾವಿರ ಜಾಸ್ತಿ. 485ಕ್ಕೆ ಆದರೆ 9,250. "ಅಬ್ಬಾ, 500 ದಾಟಲ್ಲ ಬಿಡು ಅಕ್ಕ" ಅಂದ. ನೆಮ್ಮದಿಯಾಯಿತು.

ಫೋನ್ ಇಡುವಾಗ, ಹಾಗೇ ಸುಮ್ಮನೆ, ಕೇಳಿದ್ದು: "ಅಪ್ಪ ಹೋದ್ಮೇಲೆ ಮೈಸೂರಿನ ಮನೆ ಖಾತೆ ನಮ್ಮ ಹೆಸರಿಗೆ ಆಯ್ತಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ತಾನೆ?"

ಇದೆ. ಜಗತ್ತಿನ ಯಾವ ಮೂಲೆಯಲ್ಲಿ ವಾಸದ ಮನೆ ಇದ್ದರೂ, ಪಿತ್ರಾರ್ಜಿತವಾಗಿ ಬಂದ ಪಾಲಾದರೂ, ಮೊದಲ ಮನೆಯ ರಿಯಾಯಿತಿ ಇಲ್ಲ. ಸೇರಿ ಕೊಳ್ಳುವ ಗಂಡ ಹೆಂಡತಿಯಲ್ಲಿ ಒಬ್ಬರಿಗಿದ್ದರೂ ಸಾಕು, ಇಬ್ಬರಿಗೂ ಇಲ್ಲ. ಆ ಪಾಲಿನ ಬೆಲೆ 40,000 ಪೌಂಡ್ ಮುಟ್ಟಿದರೆ ಎರಡನೇ ಮನೆ ಅಂತ ಇನ್ನೂ ಶೇಕಡಾ 5 ಮೇಲೆ ಬೀಳುತ್ತದೆ. 9,250 ಹೋಗಿ 38,500. ಅರ್ಧ ಅಥವಾ ಅದಕ್ಕಿಂತ ಕಡಿಮೆ ಪಾಲು ಬಂದು ಮೂರು ವರ್ಷ ದಾಟಿರದಿದ್ದರೆ ಈ ಶೇಕಡಾ 5ರ ಲೆಕ್ಕಕ್ಕೆ ಅದನ್ನು ಹಿಡಿಯುವುದಿಲ್ಲ. ಚಿಕ್ಕಪ್ಪ ಹೋಗಿ ನಾಲ್ಕು ವರ್ಷವಾಯಿತು.

ಇಮೇಲ್ ಇವತ್ತು ಕಳಿಸಬೇಡ ಅಂದೆ. ಅಮ್ಮ, ಅವನು, ತಂಗಿ, ಮೂರು ಪಾಲು. ಸರಸ್ವತಿಪುರಂನ ಆ ಹಳೇ ಮನೆಗೆ ಈಗ ಎಷ್ಟು ಬರಬಹುದು, ಅದರಲ್ಲಿ ಮೂರನೇ ಒಂದು ಅಂದರೆ…