‘ಕುಡಿದಾಗ ಮಾತ್ರ ಹೊಡೀತಾನೆ’ ಅನ್ನುವವರಿಗೆ

“ಹುಡುಗ ಒಳ್ಳೆಯವನೇ, ಕುಡಿದಾಗ ಮಾತ್ರ ಅವಳ ಮೇಲೆ ಕೈ ಮಾಡ್ತಾನೆ. ಕುಡಿತ ಬಿಡಿಸಿದರೆ ಸರಿಹೋಗ್ತಾನಲ್ವಾ?”

ತಾಯಂದಿರು ಕೇಳುತ್ತಾರೆ, ಗೆಳೆಯರು ಕೇಳುತ್ತಾರೆ, ಪೆಟ್ಟು ತಿಂದವಳೂ ಕೇಳುತ್ತಾಳೆ. ಹೇಳಿ ಹೇಳಿ ಸಾಕಾಗಿದೆ. ಇಲ್ಲ, ಅಷ್ಟರಿಂದಲೇ ಸರಿಹೋಗುವುದಿಲ್ಲ.

ನನಗೆ ಸಿಟ್ಟು ಬರುವುದು ಆ ‘ಮಾತ್ರ’ದ ಮೇಲೆ. ಅದೇ ಅಮಲಿನಲ್ಲಿ ಅವನು ತನಗಿಂತ ಗಟ್ಟಿಯಾದವನ ತಂಟೆಗೆ ಹೋಗಲಿಲ್ಲ. ಮೇಲಧಿಕಾರಿಯ ಫೋನ್ ಬಂದಾಗ ದನಿ ತಗ್ಗಿಸಿದ. ಮನೆಗೆ ಬಂದು, ಬಾಗಿಲು ಹಾಕಿ, ಬಟ್ಟೆಯ ಮರೆಯಲ್ಲಿ ಉಳಿಯುವ ಜಾಗಕ್ಕೇ ಹೊಡೆದ. ಇದು ಮೈಮರೆತವನ ಕೆಲಸವೇ? “ನನಗೇನೂ ನೆನಪಿಲ್ಲ” ಅನ್ನುವುದು ನಿಜವೇ ಇರಬಹುದು. ಅತಿಯಾಗಿ ಕುಡಿದಾಗ ಮಿದುಳು ನೆನಪನ್ನು ದಾಖಲಿಸುವುದನ್ನೇ ನಿಲ್ಲಿಸುತ್ತದೆ. ಆದರೆ ಆ ಹೊತ್ತಿನಲ್ಲಿ ಅವನು ನಡೆಯುತ್ತಿದ್ದ, ಮಾತಾಡುತ್ತಿದ್ದ, ಯಾರಿಗೆ ಹೊಡೆಯಬೇಕೆಂದು ಆರಿಸುತ್ತಿದ್ದ. ಬೆಳಿಗ್ಗೆ ನೆನಪಿಲ್ಲದಿರುವುದು ಬೇರೆ, ರಾತ್ರಿ ಗೊತ್ತಿಲ್ಲದಿರುವುದು ಬೇರೆ.

ಮದ್ಯದ ಪಾತ್ರ ದೊಡ್ಡದೇ. ಕುಡಿದವನ ಗಮನ ಕಿರಿದಾಗುತ್ತದೆ: ಎದುರಿನ ಚುಚ್ಚುಮಾತು ದೊಡ್ಡದಾಗಿ ಕಾಣುತ್ತದೆ, ನಾಳೆಯ ಪರಿಣಾಮ ಮಸುಕಾಗುತ್ತದೆ. ಮನೋವಿಜ್ಞಾನಿಗಳಾದ ಕ್ಲಾಡ್ ಸ್ಟೀಲ್ ಮತ್ತು ರಾಬರ್ಟ್ ಜೋಸೆಫ್ಸ್ 1990ರಲ್ಲಿ ಇದನ್ನೇ ಮದ್ಯದ ‘ಸಮೀಪದೃಷ್ಟಿ’ ಎಂದರು. ಒಂದೇ ಕೂರಿಕೆಯಲ್ಲಿ 60 ಗ್ರಾಂ ಶುದ್ಧ ಆಲ್ಕೋಹಾಲ್ ಒಳಗೆ ಹೋದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಅದು ಅತಿಕುಡಿತ. ಶೇ 40ರ ಮದ್ಯವಾದರೆ ಸುಮಾರು 190 ಮಿ.ಲೀ. ಆ ಅಮಲು ಬೇಗ ಇಳಿಯುವುದೂ ಇಲ್ಲ: ದೇಹ ಗಂಟೆಗೆ ಕರಗಿಸುವುದು 7ರಿಂದ 10 ಗ್ರಾಂ. ಕಾಫಿ ಕುಡಿಸಿದರೂ ತಣ್ಣೀರು ಸುರಿದರೂ ಅದರ ವೇಗ ಹೆಚ್ಚುವುದಿಲ್ಲ.

ಒಂದು ಪ್ರಯೋಗವೂ ಇದೆ, 1975ರದ್ದು. ವೋಡ್ಕಾ ಕುಡಿದಿದ್ದೇವೆ ಎಂದು ನಂಬಿದ್ದ ಗಂಡಸರು, ಲೋಟದಲ್ಲಿ ಬರೀ ಟಾನಿಕ್ ನೀರೇ ಇದ್ದರೂ, ಎದುರಿನವರಿಗೆ ಹೆಚ್ಚು ಕಠಿಣವಾದ ವಿದ್ಯುತ್ ಶಾಕ್ ಕೊಟ್ಟರು. ಕುಡಿದವನಿಗೆ ರಿಯಾಯಿತಿ ಇದೆ ಅನ್ನುವ ನಂಬಿಕೆಗೂ ಅಮಲಿದೆ. ಹರೆಯದ ಹುಡುಗರು ಅದನ್ನು ಗೆಳೆಯರ ಗುಂಪಿನಲ್ಲೇ ಕಲಿಯುತ್ತಾರೆ: “ನಿನ್ನೆ ಟೈಟ್ ಆಗಿದ್ದೆ ಕಣೋ” ಅಂದರೆ ಎಲ್ಲವೂ ಮಾಫಿ.

ಹಾಗಾದರೆ ಬಿಡಿಸುವುದು ಬೇಡವೇ? ಖಂಡಿತ ಬೇಕು, ಪೆಟ್ಟುಗಳು ಕಡಿಮೆಯಾಗಬಹುದು. ಆದರೆ ದಿನವೂ ವಿಪರೀತ ಕುಡಿಯುವವನನ್ನು ಮನೆಯಲ್ಲಿ ಕೂಡಿಹಾಕಿ ಕುಡಿತ ಒಮ್ಮೆಲೇ ನಿಲ್ಲಿಸಬೇಡಿ. ಕೊನೆಯ ಗುಟುಕಿನ 6ರಿಂದ 24 ಗಂಟೆಯೊಳಗೆ ಕೈನಡುಕ ಶುರುವಾಗುತ್ತದೆ, 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನಕ್ಕೆ ಸನ್ನಿ ಹಿಡಿಯಬಹುದು. ಪ್ರಾಣ ಹೋಗುವ ಸ್ಥಿತಿ ಇದು, ಬಿಡಿಸುವುದು ವೈದ್ಯರ ಕಣ್ಣೆದುರೇ ಆಗಬೇಕು. ಕುಡಿತ ಬಿಟ್ಟ ಮೇಲೂ ಅವಳ ಫೋನ್ ತಡಕುವುದು, ದುಡ್ಡು ಕಿತ್ತಿಟ್ಟುಕೊಳ್ಳುವುದು, ಗೆಳತಿಯರನ್ನು ದೂರ ಮಾಡುವುದು ನಿಲ್ಲದಿದ್ದರೆ ಅದಕ್ಕೆ ಬೇರೆಯೇ ಕೆಲಸವಾಗಬೇಕು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೌನ್ಸೆಲಿಂಗ್ ಮಾಡಿಸುವ ಉತ್ಸಾಹ ಬೇಡ. ಅಲ್ಲಿ ಅವಳು ಬಾಯಿಬಿಟ್ಟದ್ದಕ್ಕೆ ಮನೆಯಲ್ಲಿ ಬೆಲೆ ತೆರುತ್ತಾಳೆ.

“ಅವಳ್ಯಾಕೆ ಬಿಟ್ಟು ಬರಲ್ಲ” ಅನ್ನುವವರಿಗೆ: ಪೆಟ್ಟಿನ ಮಾರನೆಯ ದಿನದ ಕಣ್ಣೀರು, ಆಣೆ, ಅಕ್ಕರೆ ಯಾವಾಗ ಸಿಗುತ್ತದೋ ಗೊತ್ತಿಲ್ಲದ ಕಾರಣಕ್ಕೇ ಆ ನಂಟು ಬಿಗಿಯಾಗುತ್ತದೆ. ಜೊತೆಗೆ, ಬಿಟ್ಟು ಹೊರಡುವ ಹೊತ್ತೇ ಅತ್ಯಂತ ಅಪಾಯದ್ದು. ಅವಳಿಗೆ ಅದು ನಿಮಗಿಂತ ಚೆನ್ನಾಗಿ ಗೊತ್ತು.

ನೀವು ಕೇಳಬೇಕಿದ್ದದ್ದು, “ಈಗ ಅವಳ ಜೀವಕ್ಕೆ ಎಷ್ಟು ಅಪಾಯವಿದೆ?” ಕೊಲ್ಲುತ್ತೇನೆ ಅಂದಿದ್ದಾನೆಯೇ? ಆಯುಧ ತೋರಿಸಿದ್ದಾನೆಯೇ? ಹಿಂಬಾಲಿಸುತ್ತಾನೆಯೇ? ಗರ್ಭಿಣಿಯಾಗಿದ್ದಾಗ ಹೊಡೆದನೇ? ಎಲ್ಲಕ್ಕಿಂತ ಮೊದಲು, ಒಮ್ಮೆಯಾದರೂ ಕತ್ತು ಹಿಸುಕಿದ್ದಾನೆಯೇ? ಹೊರಗೆ ಗುರುತೇ ಇರದಿರಬಹುದು. ದನಿ ಒರಟಾಗಿದೆಯೇ, ನುಂಗಲು ಕಷ್ಟವೇ, ಕಣ್ಣಲ್ಲಿ ಕೆಂಪು ಚುಕ್ಕೆಗಳಿವೆಯೇ ನೋಡಿ. ಏನೂ ಕಾಣದಿದ್ದರೂ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ. ಕತ್ತಿನ ರಕ್ತನಾಳಕ್ಕೆ ಪೆಟ್ಟಾಗಿದ್ದರೆ ಕೆಲವು ದಿನ ಕಳೆದ ಮೇಲೂ ಪಾರ್ಶ್ವವಾಯು ಹೊಡೆಯಬಹುದು.