ಲೋಗೊ ಮುಚ್ಚಿದರೂ ಪ್ರಕಾಶನದ ಗುರುತು ಸಿಗಬೇಕು

ಮರುಮುದ್ರಣಕ್ಕೆ ಮುಖಪುಟ ಮಾಡಿಸಲು ಬರುವ ಪ್ರಕಾಶಕರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ‘ಪೂರ್ತಿ ಹೊಸದಾಗಿ ಕಾಣಬೇಕು’, ‘ನಮ್ಮ ಲೋಗೊ ಸ್ವಲ್ಪ ದೊಡ್ಡದಿರಲಿ.’ ನಾನು ಮೊದಲು ಅವರ ಹಳೆಯ ಪುಸ್ತಕಗಳನ್ನು ತರಿಸಿಕೊಳ್ಳುತ್ತೇನೆ. ಮೇಜಿನ ಮೇಲೆ ಹರಡಿ, ಲೋಗೊ ಮೇಲೆ ಕಾಗದದ ಚೂರು ಇಡುತ್ತೇನೆ. ಆಗಲೂ ಇವೆಲ್ಲ ಒಂದೇ ಮನೆಯವು ಅನ್ನಿಸುತ್ತವಾ? ಅನ್ನಿಸಿದರೆ, ಯಾವುದರಿಂದ ಹಾಗನ್ನಿಸಿತೋ ಅದನ್ನು ಮಾತ್ರ ಮುಟ್ಟಬಾರದು.

ಇದನ್ನು ನನಗೆ ಕಲಿಸಿದ್ದು ಇಂಗ್ಲೆಂಡಿನ ಪೆಂಗ್ವಿನ್ ಪ್ರಕಾಶನದ ಹಳೆಯ ಮುಖಪುಟಗಳು. 1935ರಲ್ಲಿ ಅದರ ಸ್ಥಾಪಕ ಅಲೆನ್ ಲೇನ್ ಆರು ಪೆನ್ಸಿಗೊಂದು ಪುಸ್ತಕ ಕೊಡಲು ಶುರುಮಾಡಿದಾಗ ಮುಖಪುಟದಲ್ಲಿ ಕಥೆಯ ಚಿತ್ರವೇ ಇರಲಿಲ್ಲ. ಮೇಲೆ, ಕೆಳಗೆ ಬಣ್ಣದ ಪಟ್ಟಿ. ನಡುವಿನ ಬಿಳಿ ಪಟ್ಟಿಯಲ್ಲಿ ಪುಸ್ತಕದ ಹೆಸರು. ಕಿತ್ತಳೆ ಅಂದ್ರೆ ಕಾದಂಬರಿ, ಹಸಿರು ಪತ್ತೇದಾರಿ, ಕಡುನೀಲಿ ಜೀವನಚರಿತ್ರೆ. 1947ರಲ್ಲಿ ಬಂದ ವಿನ್ಯಾಸಕಾರ ಯಾನ್ ಚಿಕೋಲ್ಡ್ ಆ ಪಟ್ಟಿಗಳನ್ನು ಕೈಬಿಡಲಿಲ್ಲ. ಅಕ್ಷರಗಳ ನಡುವಿನ ಅಂತರ ಸರಿಮಾಡಿದರು, ಲೋಗೊದ ಪೆಂಗ್ವಿನ್ ಹಕ್ಕಿಯನ್ನು ತಿದ್ದಿ ಬರೆದರು. 1961ರಲ್ಲಿ ಇನ್ನೊಬ್ಬ ವಿನ್ಯಾಸಕಾರ ರೊಮೆಕ್ ಮಾರ್ಬರ್ ಪತ್ತೇದಾರಿ ಪುಸ್ತಕಗಳಿಂದ ಪಟ್ಟಿಗಳನ್ನೇ ತೆಗೆದರು. ಮೇಲಿನ ಮೂರನೇ ಒಂದು ಭಾಗ ಅಕ್ಷರಕ್ಕೆ, ಉಳಿದದ್ದು ಚಿತ್ರಕ್ಕೆ. ಇಷ್ಟು ದೊಡ್ಡ ಬದಲಾವಣೆಯಲ್ಲೂ ಹಸಿರು ಹಾಗೇ ಉಳಿಯಿತು! ಆ ಧೈರ್ಯವೂ ಆ ಸಂಯಮವೂ ನನಗೆ ಬಹಳ ಇಷ್ಟ.

ಕನ್ನಡದಲ್ಲಿ ನಿಜವಾದ ಪರೀಕ್ಷೆ ಪುಸ್ತಕದ ಬೆನ್ನಿನದು. ಅಂಗಡಿಯಲ್ಲಿ, ಗ್ರಂಥಾಲಯದಲ್ಲಿ ಪುಸ್ತಕಗಳು ಜಾಸ್ತಿ ಕಾಣಿಸುವುದು ಬೆನ್ನಿನಿಂದಲೇ ಅಲ್ವಾ? 80 ಪುಟದ ಕವನ ಸಂಕಲನದ ಬೆನ್ನು 5 ಮಿಲಿಮೀಟರ್ ಕೂಡ ಇರುವುದಿಲ್ಲ. ಇಂಗ್ಲಿಷಿನ ದೊಡ್ಡಕ್ಷರಗಳು ಅಷ್ಟರಲ್ಲೂ ಹೇಗೋ ಕೂರುತ್ತವೆ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಬರುತ್ತದೆ. ‘ರಾಷ್ಟ್ರ’ ಎಂಬಲ್ಲಿ ಎರಡು ಒತ್ತು. ಅದಕ್ಕೆ ಜಾಗ ಬಿಡಲು ಹೋದರೆ ಇಡೀ ಹೆಸರು ಚಿಕ್ಕದಾಗುತ್ತದೆ. ಹೀಗಾಗಿ ತೆಳ್ಳನೆಯ ಪುಸ್ತಕದಲ್ಲಿ ಗುರುತಿನ ಕೆಲಸವನ್ನು ಬಣ್ಣಕ್ಕೇ ಒಪ್ಪಿಸಬೇಕು.

ಆ ಬಣ್ಣವನ್ನು ಬೆನ್ನಿನ ಅಳತೆಗೆ ಸರಿಯಾಗಿ ನಿಲ್ಲಿಸಬೇಡಿ. ಬೈಂಡಿಂಗ್‌ನಲ್ಲಿ ಮಡಿಕೆ ಒಂದು ಮಿಲಿಮೀಟರ್ ಸರಿದರೂ ಮುಂದೆ ಸೊಟ್ಟ ಗೆರೆ ಕಾಣುತ್ತದೆ. ಮುಂದಕ್ಕೂ ಹಿಂದಕ್ಕೂ ಒಂದು ಬೆರಳಷ್ಟು ಬಣ್ಣ ಹಾಯಿಸಿ. ಪ್ರೆಸ್ಸಿಗೆ ಕಳಿಸುವ ಮುನ್ನ ಒಂದು ಪ್ರಿಂಟ್ ತೆಗೆದು, ಅಷ್ಟೇ ದಪ್ಪದ ಪುಸ್ತಕಕ್ಕೆ ಸುತ್ತಿ, ಹಳೆಯವುಗಳ ಸಾಲಿನಲ್ಲಿಟ್ಟು ಪ್ರಕಾಶಕರಿಗೆ ತೋರಿಸಿ. ಸ್ಕ್ರೀನ್ ಮೇಲೆ ನೋಡಿ ಒಪ್ಪಿಗೆ ಕೊಡುವುದಕ್ಕೆ ಬಿಡಬೇಡಿ.